ಹಿಂಬದಿಯಲ್ಲಿ ಕಾರಣ ಬರೆಯಿರಿ

ನಮ್ಮ ನಿಘಂಟು ಕಚೇರಿಯಲ್ಲಿ ರಬ್ಬರ್ ಇರಲಿಲ್ಲ. ತಪ್ಪಿನ ಮೇಲೆ ಬಳಿಯುವ ಬಿಳಿ ಬಣ್ಣದ ಶೀಶೆಯೂ ಇರಲಿಲ್ಲ. ಯಾರಾದರೂ ಹೊಸಬರು ಜೇಬಿನಿಂದ ಪೆನ್ಸಿಲ್ ತೆಗೆದರೆ ಉಳಿದವರು ಪೆಟ್ರೋಲ್ ಬಂಕಿನಲ್ಲಿ ಸಿಗರೇಟು ಹಚ್ಚಿದವನನ್ನು ನೋಡುವ ಹಾಗೆ ನೋಡುತ್ತಿದ್ದರು. ಬಾಗಿಲಿನ ಎದುರುಗೋಡೆಗೆ ಗಾಜು ಹಾಕಿಸಿ ತೂಗುಹಾಕಿದ್ದ ನಿಯಮ ಹೀಗಿತ್ತು: "ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಒಂದೇ ಗೆರೆ ಎಳೆಯಿರಿ. ಕೆಳಗಿನದು ಓದಲು ಬರುವಂತಿರಲಿ. ಪಕ್ಕದಲ್ಲಿ ಸಹಿ, ತಾರೀಕು. ಹಿಂಬದಿಯಲ್ಲಿ ಕಾರಣ ಬರೆಯಿರಿ."

ಟೈರ್ ಅಂಗಡಿಯ ಮೇಲಿನ ಮಹಡಿ, ಮೂರು ಕೋಣೆ. ಇಂಗ್ಲಿಷ್ ಪದಗಳ ಅರ್ಥವನ್ನೂ ಹುಟ್ಟನ್ನೂ ನಮ್ಮ ಭಾಷೆಯಲ್ಲಿ ಬರೆಯುವುದು ಅಲ್ಲಿನ ಕೆಲಸ. ಒಂದು ಪದಕ್ಕೆ ಒಂದು ಚೀಟಿ, ಅಂಗೈಯಗಲದ ದಪ್ಪ ಕಾಗದ. ಇಪ್ಪತ್ತಾರು ವರ್ಷಗಳ ಚೀಟಿಗಳು ಕಬ್ಬಿಣದ ಕಪಾಟುಗಳ ಖಾನೆಗಳಲ್ಲಿ ಕಿಕ್ಕಿರಿದಿದ್ದವು. ಮಧ್ಯಾಹ್ನ ಬಿಸಿಲು ಏರಿದರೆ ಕೆಳಗಿನ ರಬ್ಬರಿನ ವಾಸನೆ ನೆಲದ ಬಿರುಕಿನಿಂದ ಮೇಲೆ ಬರುತ್ತಿತ್ತು. ಕಚೇರಿಯಲ್ಲಿದ್ದ ರಬ್ಬರ್ ಅದೊಂದೇ ಎಂದು ಟೈಪಿಸ್ಟ್ ಅಕ್ಕ ದಿನಕ್ಕೊಮ್ಮೆ ಹೇಳಿ ತಾನೇ ನಗುತ್ತಿದ್ದಳು.

ನಿಯಮ ಮಾಡಿದವರು ಸಂಪಾದಕರು. ಯಾರಾದರೂ ದೊಡ್ಡವರು ಕಚೇರಿ ನೋಡಲು ಬಂದರೆ ಒಂದು ಹಳೆಯ ಚೀಟಿ ತೆಗೆದು, ತಾವೇ ಹಿಂದೆ ಮಾಡಿದ್ದ ತಪ್ಪು, ಅದರ ಮೇಲಿನ ಗೆರೆ, ತಮ್ಮ ಸಹಿ ಎಲ್ಲವನ್ನೂ ತೋರಿಸುತ್ತಿದ್ದರು. "ನೋಡಿ, ನನ್ನ ತಪ್ಪನ್ನೂ ನಾನು ಮುಚ್ಚಿಟ್ಟಿಲ್ಲ" ಎನ್ನುತ್ತಿದ್ದರು. ಬಂದವರು ತಲೆದೂಗುತ್ತಿದ್ದರು. ನಾವು ಹಿಂದಿನಿಂದ ಅವರನ್ನು 'ಒಂದೇ ಗೆರೆ ಸಾಹೇಬರು' ಎನ್ನುತ್ತಿದ್ದೆವು.

ನಾನು ಅಲ್ಲಿ ಮೂರು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದೆ. ನನಗೆ ಆ ಕುರ್ಚಿ ಸಿಕ್ಕಿದ್ದು ದೊಡ್ಡಮ್ಮನಿಂದ, ಅಂದರೆ ನನ್ನ ಅಮ್ಮನ ಅಕ್ಕನಿಂದ. ಆಕೆ ಅದೇ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಚೀಟಿ ಬರೆದವಳು. ಸಿ, ಡಿ, ಇ, ಎಫ್, ಈ ನಾಲ್ಕು ಅಕ್ಷರ ಪೂರ್ತಿ ಆಕೆಯವು. ಎಲ್ಲರೂ ಆಕೆಯನ್ನು 'ಚೀಟಿಯಮ್ಮ' ಎನ್ನುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಣ್ಣಿನ ನಡುಭಾಗ ಕೆಟ್ಟು, ಅಂಚಿನ ನೋಟ ಮಾತ್ರ ಉಳಿಯಿತು. ಕೆಲಸ ಬಿಟ್ಟಳು. ಈಗ ಎದುರಿಗೆ ನಿಂತರೆ ಆಕೆಗೆ ನನ್ನ ಮುಖ ಕಾಣುವುದಿಲ್ಲ, ಕಿವಿ ಕಾಣುತ್ತದೆ. "ಕಿವಿ ತೊಳ್ಕೊ ಹೋಗೇ" ಎನ್ನುತ್ತಾಳೆ. ಅದು ಆಕೆಯ ಸಂಜೆಯ ಸ್ವಾಗತ.

ನಿಘಂಟು ಕೊನೆಗೂ ಅಚ್ಚಿಗೆ ಹೋಗಿತ್ತು. ಸಿ ಮತ್ತು ಡಿ ಪುಟಗಳು ಅಚ್ಚಾಗಿ ಮಡಿಕೆಯೂ ಆಗಿದ್ದವು. ಇ ಅಕ್ಷರದ ಪ್ರೂಫ್ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. 'ಇರೇಸ್' ಎಂಬ ಪದದ ಮುಂದೆ 'ಅಳಿಸು' ಎಂದಿತ್ತು. ಸರಿ. ಎರಡು ಹಾಳೆ ಆದ ಮೇಲೆ 'ಎಕ್ಸ್‌ಪಂಜ್' ಬಂತು. ಅದರ ಮುಂದೆಯೂ 'ಅಳಿಸು'. ಹಿಂದಕ್ಕೆ ತಿರುವಿದೆ. 'ಇಫೇಸ್'. 'ಅಳಿಸು'. ಮೂರು ಪದಕ್ಕೆ ಒಂದೇ ಅರ್ಥ, ಹುಟ್ಟಿನ ಟಿಪ್ಪಣಿ ಒಂದಕ್ಕೂ ಇಲ್ಲ. ದೊಡ್ಡಮ್ಮ ಹಾಗೆ ಬರೆಯುವವಳಲ್ಲ. ಹತ್ತು ನಿಮಿಷ ಮಾತಾಡುವ ಕಡೆ ಇಪ್ಪತ್ತು ನಿಮಿಷ ಮಾತಾಡುವವಳು.

ಎದ್ದು ಹೋಗಿ ಕಪಾಟಿನ ಖಾನೆ ಎಳೆದೆ. ಇರೇಸ್ ಚೀಟಿ ಸಿಕ್ಕಿತು. ಆಕೆಯ ಒತ್ತಾದ ನೆಟ್ಟಗಿನ ಅಕ್ಷರ:

"ಕೆರೆದು ತೆಗೆ. ಲ್ಯಾಟಿನ್ನಿನಲ್ಲಿ 'ರಾದೆರೆ' ಎಂದರೆ ಕೆರೆಯುವುದು. ಗಡ್ಡ ಹೆರೆಯುವ ರೇಜರ್ ಇದರದೇ ನೆಂಟ. ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ತಪ್ಪನ್ನು ಚಾಕುವಿನಿಂದ ಕೆರೆಯುತ್ತಿದ್ದರು. ಕೆರೆದ ಜಾಗ ತೆಳ್ಳಗಾಗುತ್ತದೆ, ಬೆಳಕಿಗೆ ಹಿಡಿದರೆ ತಿಳಿಯುತ್ತದೆ."

ಚೀಟಿಯ ಮೇಲೆ ಒಂದೇ ಗೆರೆ. 'ಕೆರೆದು ತೆಗೆ'ಯಿಂದ 'ತಿಳಿಯುತ್ತದೆ'ವರೆಗೆ. ಪಕ್ಕದಲ್ಲಿ ಸಂಪಾದಕರ ಸಹಿ, ಬಾಲ ಎಳೆದ ಒಂದು ಸುರುಳಿ. ಹಿಂಬದಿಯಲ್ಲಿ ಕಾರಣ: 'ಪುಟ ಉಳಿತಾಯ'. ಎಕ್ಸ್‌ಪಂಜ್ ಚೀಟಿಗೂ ಪುಟ ಉಳಿತಾಯ. ಇಫೇಸ್ ಚೀಟಿಗೂ ಪುಟ ಉಳಿತಾಯ. ಸಿ ಖಾನೆಯ ಕ್ಯಾನ್ಸಲ್, ಡಿ ಖಾನೆಯ ಡಿಲೀಟ್ ತೆಗೆದು ನೋಡಿದೆ. ಅವೂ ಹಾಗೇ ಆಗಿದ್ದವು. ಆ ಎರಡರ ಪ್ರೂಫ್ ತಿದ್ದಿ ಕಳಿಸಿದವಳು ನಾನೇ. ಚೀಟಿ ತೆಗೆದು ನೋಡಿರಲಿಲ್ಲ. ಅಕ್ಷರದೋಷ ಇಲ್ಲ ಎಂದು ಸಹಿ ಹಾಕಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಪ್ರೂಫಿನ ಕಟ್ಟಿನ ತಳದಲ್ಲಿ ಪುಸ್ತಕದ ಮೊದಲ ಹಾಳೆಗಳೂ ಇದ್ದವು. ಶೀರ್ಷಿಕೆ, ಅರಿಕೆ, ಆಮೇಲೆ ಬಳ್ಳಿಯ ಚೌಕಟ್ಟಿನೊಳಗೆ 'ನಿಘಂಟು ರಚಿಸಿದವರು'. ಆರು ಹೆಸರು. ಮೊದಲಿನದು ಸಂಪಾದಕರದು. ನಡುವಿನ ನಾಲ್ಕು ಬೇರೆ ಅಕ್ಷರಗಳ ಚೀಟಿ ಬರೆದವರವು. ಕೊನೆಯದು ನಿಘಂಟು ಸಮಿತಿಯ ಅಧ್ಯಕ್ಷರ ಮನೆಯ ಅಳಿಯನದು. ಆ ಅಳಿಯ ನಮ್ಮ ಕಚೇರಿಗೆ ಎರಡು ಸಲ ಬಂದಿದ್ದ. ಒಂದು ಸಲ ಟೈರ್ ಬದಲಿಸುವವರೆಗೆ ಕೂರಲು. ಇನ್ನೊಂದು ಸಲ ಫೋಟೋ ತೆಗೆಸಿಕೊಳ್ಳಲು.

ದೊಡ್ಡಮ್ಮನ ಹೆಸರು ಇರಲಿಲ್ಲ. ಹಾಳೆಯನ್ನು ಎರಡು ಸಲ ಓದಿದೆ. ಆರು ಹೆಸರಿನ ಪಟ್ಟಿಯನ್ನು ಎರಡು ಸಲ ಓದಬೇಕಾದ ಅಗತ್ಯವೇನೂ ಇಲ್ಲ. ಆದರೂ ಓದಿದೆ.

ಸಂಪಾದಕರ ಕೋಣೆಗೆ ಹೋದೆ. ಅವರು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು.

"ಸರ್, ಇದರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ."

"ಯಾವುದಮ್ಮಾ?"

ಹೇಳಿದೆ. ಬಿಸ್ಕತ್ತಿನ ತುದಿ ಚಹಾದೊಳಗೆ ಬಿತ್ತು. ಚಮಚದಿಂದ ಅದನ್ನು ಹುಡುಕುತ್ತಾ ಹೇಳಿದರು: "ಅವರ ಹೆಸರು ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲಮ್ಮ. ಅವರು ಚೀಟಿ ಬರೀತಿದ್ರು. ಇದು ರಚಿಸಿದವರ ಪಟ್ಟಿ."

"ಉಳಿದ ನಾಲ್ಕು ಜನ ಏನು ಬರೀತಿದ್ರು ಸರ್?"

"ನೋಡು, ಪ್ರೂಫ್ ನೋಡೋಳು ಪ್ರೂಫ್ ನೋಡಬೇಕು. ಕೊಂಬು, ದೀರ್ಘ, ಒತ್ತು. ಅದರಲ್ಲಿ ತಪ್ಪಿದ್ರೆ ಹೇಳು. ನಿನ್ನ ದೊಡ್ಡಮ್ಮ ಅಂತ ಎಲ್ಲಾ ಕಡೆ ಮೂಗು ತೂರಿಸಬೇಡ."

"ಅಧ್ಯಕ್ಷರ ಅಳಿಯ ಯಾವ ಅಕ್ಷರ ಬರೆದ್ರು?"

ಅವರು ಚಮಚ ಕೆಳಗಿಟ್ಟರು. "ಹೋಗಮ್ಮ. ಕೆಲಸ ಇದೆ."

ಹೊರಗೆ ಬಂದಾಗ ಟೈಪಿಸ್ಟ್ ಅಕ್ಕನ ಬೆರಳು ಕೀಲಿಗಳ ಮೇಲೆ ನಿಂತೇ ಇತ್ತು. ಆಕೆ ಎಲ್ಲ ಕೇಳಿಸಿಕೊಂಡಿದ್ದಳು. ಏನೂ ಕೇಳಿಸದವರ ಹಾಗೆ ಟೈಪ್ ಮಾಡಲು ಶುರುಮಾಡಿದಳು.

ಸಂಜೆ ಮನೆಗೆ ಹೋದೆ. ನಮ್ಮದು ಎರಡು ಕೋಣೆ, ದೊಡ್ಡಮ್ಮ ಮತ್ತು ನಾನು. ಆಕೆ ಕಿಟಕಿಯ ಪಕ್ಕ ಕೂತು ರೇಡಿಯೋದ ಸುದ್ದಿ ಓದುವವನ ಉಚ್ಚಾರ ತಿದ್ದುತ್ತಿದ್ದಳು. ಮೊದಲು ಪದಗಳ ವಿಷಯ ಹೇಳಿದೆ. ಹೆಸರಿನದು ಹೇಳಲು ಬಾಯಿ ಬರಲಿಲ್ಲ.

"ಮೂರಕ್ಕೂ ಅಳಿಸು ಅಂತಾನಾ?" ಎಂದಳು.

"ಡಿಲೀಟ್‌ಗೂ ಅದೇ. ಕ್ಯಾನ್ಸಲ್‌ಗೆ ರದ್ದುಮಾಡು, ಅಳಿಸು."

"ಅಯ್ಯೋ ಅವನ ತಲೆ! ಕ್ಯಾನ್ಸಲ್ ಅಂದ್ರೆ ಅಳಿಸೋದಲ್ಲ ಕಣೇ. ಸರಳಿನ ಜಾಲರಿ ಅಂತ ಅದರ ಮೂಲ. ಬರೆದದ್ದರ ಮೇಲೆ ಹಿಂಗೆ, ಹಿಂಗೆ ಅಡ್ಡಗೆರೆ ಎಳೀತಿದ್ರು. ಕಿಟಕಿ ಸರಳಿನ ಹಿಂದೆ ನಿಂತವನ ಹಾಗೆ ಪದ ಒಳಗೇ ನಿಂತಿರುತ್ತೆ, ಹೊರಗೆ ಬರೋಕಾಗಲ್ಲ ಅಷ್ಟೆ. ಇಫೇಸ್ ಅಂದ್ರೆ ಮುಖ ತೆಗೆಯೋದು. ಫೇಸ್ ಅನ್ನೋದು ಅದರ ಹೊಟ್ಟೇಲೇ ಇದೆ, ಶಾಲೆ ಮಗೂಗೂ ಕಾಣುತ್ತೆ. ಇವನಿಗೆ ಕಾಣಲಿಲ್ವಾ? ಕಣ್ಣು ಹೋಗಿರೋದು ನಂಗಾ ಅವನಿಗಾ?"

"ಪುಟ ಉಳಿತಾಯ ಅಂತ ಬರೆದಿದ್ದಾರೆ."

"ಎಷ್ಟು ಉಳೀತಂತೆ? ನನ್ನ ಟಿಪ್ಪಣಿ ಐದು ಸಾಲು. ಐದು ಸಾಲು ಉಳಿಸಿ ಅದರಲ್ಲಿ ಏನು ಮಾಡ್ತಾನೆ, ಮನೆ ಕಟ್ಟಿಸ್ತಾನಾ?" ಆಕೆ ರೇಡಿಯೋ ಆರಿಸಿದಳು. ಸಿಟ್ಟು ಬಂದರೆ ಆಕೆಯ ಬೆರಳುಗಳು ತೊಡೆಯ ಮೇಲೆ ಬರೆಯಲು ಶುರುಮಾಡುತ್ತವೆ. "ಎಕ್ಸ್‌ಪಂಜ್ ಬಗ್ಗೆ ಎಷ್ಟು ದಿನ ಒದ್ದಾಡಿದ್ದೆ ಗೊತ್ತಾ? ಜನ ಅದು ನೀರು ಹೀರೋ ಸ್ಪಂಜಿಂದ ಬಂದಿದೆ ಅನ್ಕೋತಾರೆ. ಸ್ಪಂಜಿಗೂ ಅದಕ್ಕೂ ಹುಟ್ಟಿನ ನಂಟಿಲ್ಲ. ಚುಚ್ಚೋದು ಅಂತ ಮೂಲ. ಪಟ್ಟಿಯಲ್ಲಿರೋ ಹೆಸರಿಗೆ ಮೊನೆಯಿಂದ ಚುಚ್ಚಿ ಚುಕ್ಕಿ ಇಟ್ರೆ, ಆ ಮನುಷ್ಯ ಇನ್ನಿಲ್ಲ ಅಂತ. ನಕಲು ಬರೆಯೋರು ಕೂಡ, ಚಾಕು ತಗೊಂಡು ಕೆರೆಯೋ ತಾಪತ್ರಯ ಯಾಕೆ ಅಂತ ಬೇಡದ ಅಕ್ಷರದ ಕೆಳಗೆ ಚುಕ್ಕಿ ಇಡ್ತಿದ್ರು. ಈಗ ನೀವು ಪ್ರೂಫ್‌ನವರು ಗೆರೆ ಹೊಡೆದ ಪದದ ಕೆಳಗೆ ಚುಕ್ಕಿ ಇಟ್ರೆ ಏನರ್ಥ?"

"ಇರಲಿ ಅಂತ. ತೆಗೀಬೇಡಿ ಅಂತ."

"ನೋಡು. ಎಂಥ ಮಜಾ. ಅಷ್ಟನ್ನೂ ತೆಗೆದು ಅಳಿಸು ಅಂತಾನೆ. ಒಂದಕ್ಕೆ ಚಾಕು ಬೇಕು, ಒಂದಕ್ಕೆ ಮೊನೆ ಬೇಕು, ಒಂದಕ್ಕೆ ಗೆರೆ ಬೇಕು. ಯಾರು ಯಾವ ಆಯುಧ ಹಿಡಿದಿದ್ರು ಅಂತ ಪದ ಹೇಳುತ್ತೆ ಕಣೇ. ಅಳಿಸು ಅಂದ್ರೆ ಯಾರೂ ಏನೂ ಹಿಡಿದಿರಲಿಲ್ಲ ಅನ್ನೋ ಹಾಗಾಯ್ತು."

"ಆಬ್ಲಿಟರೇಟ್?" ಎಂದೆ, ಮಾತು ಮುಂದೂಡಲು.

"ಅದು ಓ. ನನ್ನ ಅಕ್ಷರ ಅಲ್ಲ. ಬೇರೆಯವರ ತಲೆನೋವು." ತಲೆ ಓರೆಮಾಡಿ ನನ್ನ ಕಡೆ ನೋಡಿ ಕೇಳಿದಳು: "ಇನ್ನೇನೋ ಇದೆ. ಹೇಳು."

"ಏನಿಲ್ಲ."

"ನಿನ್ನ ಮುಖ ಕಾಣಲ್ಲ ಅಂತ ಸುಳ್ಳು ಹೇಳ್ತೀಯಾ? ಕಿವಿ ಕೆಂಪಾಗಿದೆ, ಹೇಳು."

ಹೇಳಿದೆ. ಪಟ್ಟಿ, ಆರು ಹೆಸರು, ಅಳಿಯ, ಯಾವತ್ತೂ ಇರಲಿಲ್ಲ ಎಂದ ಮಾತು. ಆಕೆ ಅಳಲಿಲ್ಲ. ಅಳುತ್ತಾಳೆಂದು ನಾನೂ ಅಂದುಕೊಂಡಿರಲಿಲ್ಲ. ತೊಡೆಯ ಮೇಲಿನ ಬೆರಳು ಮಾತ್ರ ನಿಂತವು.

"ಇಪ್ಪತ್ತೆರಡು ವರ್ಷ" ಎಂದಳು. "ನಂಗೆ ಆ ಪುಟ ಓದೋಕಾಗಲ್ಲ. ಆದ್ರೆ ಅಲ್ಲಿ ಇರಬೇಕು. ನಾನು ಆ ಕೆಲಸ ಮಾಡ್ದೆ ಅಂತ ಹೇಳೋಕೆ ಬೇರೆ ಇನ್ನೊಂದು ಕಾಗದ ಈ ಲೋಕದಲ್ಲಿಲ್ಲ."

ಆಮೇಲೆ ಆಕೆಯ ದನಿ ಬದಲಾಯಿತು. ಚೀಟಿ ಹುಡುಕುವಾಗಿನ ದನಿ. "ಯಾವತ್ತೂ ಇರಲಿಲ್ಲ ಅಂದ್ನಾ? ನಾನು ಬಿಡೋ ಮೊದಲು ಆ ಪಟ್ಟಿ ಟೈಪಾಗಿತ್ತು. ನಾನೇ ಓದಿ ನೋಡಿದ್ದೆ. ಐದು ಹೆಸರು ಮತ್ತು ಅವನು. ಮೂರನೇದು ನಾನು. ಮೂಲ ಪ್ರತಿ ಪ್ರೆಸ್‌ನಲ್ಲಿರುತ್ತೆ. ಹೊಸದಾಗಿ ಟೈಪ್ ಮಾಡಿಸಿದ್ರೆ ಟೈಪಿಸ್ಟಿಗೆ ಗೊತ್ತಾಗುತ್ತೆ, ಅವಳಿಗೆ ಗೊತ್ತಾದ್ರೆ ಊರಿಗೇ ಗೊತ್ತಾಗುತ್ತೆ. ಹಾಗಾಗಿ ಅದೇ ಪ್ರತಿ ಮೇಲೆ ಗೆರೆ ಹೊಡೆದಿರ್ತಾನೆ. ಆ ಮನುಷ್ಯನ ಕೈ ಗೆರೆ ಎಳೆದ್ರೆ ಸಹಿ ಹಾಕದೆ ನಿಲ್ಲಲ್ಲ. ಹೋಗಿ ನೋಡು."

"ಕದ್ದು ಹೊಡೆಯೋ ಗೆರೆಗೆ ಯಾರಾದ್ರೂ ಸಹಿ ಹಾಕ್ತಾರಾ?"

"ಬೇರೆ ಯಾರೂ ಹಾಕಲ್ಲ. ಅವನು ಹಾಕ್ತಾನೆ. ಇಪ್ಪತ್ತಾರು ವರ್ಷದ ಚಟ."

ಮರುದಿನ ಊಟದ ಬಿಡುವಿನಲ್ಲಿ ಪ್ರೆಸ್ಸಿಗೆ ಹೋದೆ. ಎರಡು ಬೀದಿ ಆಚೆ, ಒಂದು ಗ್ಯಾರೇಜಿನ ಹಿಂದೆ. ಫೋರ್‌ಮನ್ ಅಣ್ಣ ಕಾಗದದ ರೀಮುಗಳ ಮೇಲೆ ಕೂತು ಊಟದ ಡಬ್ಬಿ ತೆರೆದಿದ್ದ. ಆತ ಬಂದ ಪ್ರತಿಯೊಂದು ಮೂಲ ಪ್ರತಿಯನ್ನೂ ಗೋಡೆಯ ಕಬ್ಬಿಣದ ಸೂಜಿಗೆ ಚುಚ್ಚಿಡುತ್ತಾನೆ, ಪುಸ್ತಕ ಕಟ್ಟಾಗುವವರೆಗೆ ತೆಗೆಯುವುದಿಲ್ಲ. ನಾಳೆ ಯಾರಾದರೂ ಬಂದು 'ನಾನು ಹೀಗೆ ಬರೆದಿರಲಿಲ್ಲ' ಎಂದರೆ ತೋರಿಸಲು.

"ಅಣ್ಣಾ, ಮೊದಲ ಹಾಳೆಗಳ ಮೂಲ ಬೇಕಿತ್ತು."

"ಯಾಕೆ? ಪ್ರೂಫ್ ಕೊಟ್ಟಿದ್ದೀನಲ್ಲ."

"ಹೋಲಿಸಿ ನೋಡಬೇಕು."

"ಮೂರು ವರ್ಷದಲ್ಲಿ ಒಂದು ದಿನ ಹೋಲಿಸೋಕೆ ಬರಲಿಲ್ಲ. ಇವತ್ತು ಭಾರೀ ನಿಷ್ಠೆ ಬಂತಾ ತಂಗಿ?" ಎಂದು ಸೂಜಿಯ ಕಡೆ ಗದ್ದದಿಂದ ತೋರಿಸಿದ. "ನೀನೇ ತಗೋ, ನನ್ನ ಕೈ ಎಂಜಲು. ಮೇಲಿಂದ ಮೂರೋ ನಾಲ್ಕೋ."

ನಾಲ್ಕನೆಯದು. ಟೈಪಾಗಿ ಹಳದಿಯಾದ ಹಾಳೆ. ಆರು ಹೆಸರು. ಮೂರನೆಯದರ ಮೇಲೆ ಒಂದೇ ಗೆರೆ, ಅಳತೆಪಟ್ಟಿ ಇಟ್ಟ ಹಾಗೆ ನೇರ. ಕೆಳಗಿನದು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಪಕ್ಕದಲ್ಲಿ ಬಾಲ ಎಳೆದ ಸುರುಳಿ. ತಾರೀಕು, ಹೋದ ತಿಂಗಳ ಒಂಬತ್ತು. ತಳದಲ್ಲಿ ಅದೇ ಪೆನ್ನಿನಲ್ಲಿ ಅಳಿಯನ ಹೆಸರು.

ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಕದಿಯುವಾಗಲೂ ಆ ಮನುಷ್ಯ ನಿಯಮದ ಮುಕ್ಕಾಲು ಪಾಲು ಪಾಲಿಸಿದ್ದ. ಗೆರೆ ಒಂದೇ, ಸಹಿ ಇದೆ, ತಾರೀಕು ಇದೆ. ಕಾರಣ ಬರೆಯುವ ಹೊತ್ತಿಗೆ ಮಾತ್ರ ಪೆನ್ನು ನಿಂತಿತ್ತು.

"ಇದನ್ನ ಒಯ್ತೀನಿ."

"ಅದೆಲ್ಲಾ ಬೇಡ" ಎಂದ ಫೋರ್‌ಮನ್ ಅಣ್ಣ. ಆಮೇಲೆ ಎದ್ದು ಬಂದು ನನ್ನ ಭುಜದ ಮೇಲಿಂದ ನೋಡಿದ. ಅವನ ಅಗಿತ ನಿಂತಿತು. "ಚೀಟಿಯಮ್ಮಂದು ಹೊಡೆದುಬಿಟ್ಟಿದ್ದಾರಾ! ಕಂಪ್ಯೂಟರ್ ಹುಡುಗಿ ಪುಟ ಕೂರಿಸಿದ್ದು, ನಾನು ನೋಡಿರಲಿಲ್ಲ ತಂಗಿ. ಸತ್ಯವಾಗ್ಲೂ."

"ಈಗ ನೋಡಿದ್ರಲ್ಲ."

"ನೋಡಿ ಏನ್ ಮಾಡ್ಲಿ? ನನ್ನ ತಲೆ ಮೇಲೆ ತರಬೇಡ. ನಾನು ಅಚ್ಚು ಹಾಕೋನು. ಗೆರೆ ಇದ್ರೆ ತೆಗೀತೀನಿ. ಚುಕ್ಕಿ ಇದ್ರೆ ಇಡ್ತೀನಿ. ಆದ್ರೆ ಚುಕ್ಕಿ ಇಟ್ಟವರ ಸಹಿ ಬೇಕು, ಆಮೇಲೆ ಯಾರೂ ಇಟ್ಟಿಲ್ಲ ಅನ್ನಬಾರದು." ಚೌಕಟ್ಟಿನ ಪುಟ ತೆಗೆದು ಬೆರಳಿನಿಂದ ಅಳೆದ. "ಏಳನೇ ಸಾಲು ತೂರಿಸಬಹುದು. ಅಕ್ಷರ ಒಂದು ಪಾಯಿಂಟ್ ಸಣ್ಣ ಆಗುತ್ತೆ, ಅಷ್ಟೆ."

"ಇ ಅಕ್ಷರದ ಟಿಪ್ಪಣಿಗಳನ್ನೂ ಸೇರಿಸೋಕಾಗುತ್ತಾ?"

"ಒಂದು ಹೆಸರಾದ್ರೆ ತೂರಿಸ್ತೀನಿ. ಹದಿನೈದು ಸಾಲು ಹಾಕಿದ್ರೆ ಅಲ್ಲಿಂದ ಜೆಡ್‌ವರೆಗೆ ಪುಟ ಜರುಗುತ್ತೆ. ಹಾಳೆ ತಗೊಂಡು ಹೋಗು, ಸಂಜೆಯೊಳಗೆ ವಾಪಸ್ ತಾ. ಹೊಟ್ಟೆ ತುಂಬಾ ಊಟ ಮಾಡೋಕೆ ಬಿಡು."

ಮಧ್ಯಾಹ್ನ ಮೂರಕ್ಕೆ ಸಂಪಾದಕರ ಕೋಣೆಗೆ ಹೋದೆ. ಬಾಗಿಲು ಹಾಕಲಿಲ್ಲ. ಹಾಕಬಾರದೆಂದೇ ಹಾಕಲಿಲ್ಲ. ಹಾಳೆಯನ್ನು ಅವರ ಮುಂದೆ ಮಗುಚಿ, ಖಾಲಿ ಹಿಂಬದಿ ಮೇಲೆ ಬರುವಂತೆ ಇಟ್ಟೆ.

"ಏನಿದು?"

"ಕಾರಣ ಬರೆದಿಲ್ಲ ಸರ್. ನೀವು ಮರೆತಿದ್ದೀರಿ."

ಅವರು ಹಾಳೆ ತಿರುಗಿಸಿದರು. ತಮ್ಮ ಸಹಿ ಕಂಡಿತು. ಮುಖ ಇಳಿಯಿತು ಎಂದು ಹೇಳಲಾರೆ. ಯಾವುದೋ ಲೆಕ್ಕ ತಪ್ಪಿದವರಂತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಸಹಿ ಹಾಕಿದ್ದು ಅವರಿಗೇ ನೆನಪಿರಲಿಲ್ಲ ಎಂಬುದು ನನಗೆ ಆಗ ಖಾತ್ರಿಯಾಯಿತು.

"ಇದು ಎಲ್ಲಿ ಸಿಕ್ತು?"

"ಅದು ಇರಬೇಕಾದ ಕಡೆ. ನಿನ್ನೆ ನೀವು ಯಾವತ್ತೂ ಇರಲಿಲ್ಲ ಅಂದ್ರಿ. ಇತ್ತು. ಕೆಳಗಿನದು ಓದೋಕೆ ಬರುತ್ತೆ, ನಿಮ್ಮ ನಿಯಮದ ಪ್ರಕಾರವೇ ಎಳೆದಿದ್ದೀರಿ."

"ಕೂತ್ಕೋ."

"ನಿಂತೇ ಇರ್ತೀನಿ."

ಅವರು ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿದರು. ಆಮೇಲೆ, ಬುದ್ಧಿ ಹೇಳುವವರ ದನಿಯಲ್ಲಿ ಶುರುಮಾಡಿದರು. "ನಿನಗೆ ಈ ಕಚೇರಿ ಹೇಗೆ ನಡೀತಿದೆ ಗೊತ್ತಾ? ಕಾಗದ ಕೊಡಿಸಿದ್ದು ಅಧ್ಯಕ್ಷರು. ಇಪ್ಪತ್ತಾರು ವರ್ಷ ಈ ಚೀಟಿಗಳು ಇಲಿ ತಿನ್ನೋಕೆ ಅಂತ ಇದ್ದವು. ಅಚ್ಚಾಗೋದು ಅವರಿಂದ. ಅವರು ಒಂದು ಹೆಸರು ಸೇರಿಸಿ ಅಂದ್ರು. ಚೌಕಟ್ಟಿನಲ್ಲಿ ಆರೇ ಸಾಲು. ನಾನೇನು ಮಾಡಬೇಕಿತ್ತು?"

"ಚೌಕಟ್ಟು ತೆಗೀಬಹುದಿತ್ತು."

"ಹುಡುಗಾಟ ಅಲ್ಲಮ್ಮ ಇದು."

"ನಿಮ್ಮ ಹೆಸರು ತೆಗೀಬಹುದಿತ್ತು. ಮುಖಪುಟದ ಮೇಲೆ ಹೇಗೂ ಇದೆ, ದೊಡ್ಡದಾಗಿ."

ಹೊರಗೆ ಟೈಪಿಂಗ್ ನಿಂತಿತು.

"ಆರರಲ್ಲಿ ಅವರದೇ ಯಾಕೆ ಸರ್? ಅವರಷ್ಟು ಚೀಟಿ ಬರೆದವರು ಇನ್ಯಾರೂ ಇಲ್ಲ. ಯಾಕೆ ಅವರದೇ?"

ಪೇಪರ್‌ವೇಟ್ ನಿಂತಿತು. ಅವರು ತಗ್ಗಿದ ದನಿಯಲ್ಲಿ, ನಿಜವಾಗಿಯೂ ನನಗೆ ಸಮಾಧಾನವಾಗಲಿ ಎಂಬಂತೆ ಹೇಳಿದರು: "ಉಳಿದವರು ಪುಸ್ತಕ ಬಿಚ್ಚಿ ನೋಡ್ತಾರೆ, ಬೇಜಾರು ಮಾಡ್ಕೋತಾರೆ. ಅವರಿಗೆ ಹೇಗೂ ಕಾಣಲ್ವಲ್ಲಮ್ಮ."

ಕೆಳಗಿನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದು ಕೇಳಿಸಿತು. ಅದು ಬುಸುಗುಟ್ಟಿ ನಿಲ್ಲುವವರೆಗೆ ಕಾದೆ. ಕಾಯದಿದ್ದರೆ ಆ ಪೇಪರ್‌ವೇಟ್ ಬೇರೆ ಎಲ್ಲೋ ಹೋಗಿ ಬೀಳುತ್ತಿತ್ತು.

"ಬರೀರಿ" ಎಂದೆ.

"ಏನು?"

"ಈಗ ಹೇಳಿದ್ರಲ್ಲ, ಅದನ್ನೇ. ಹಿಂಬದಿಯಲ್ಲಿ ಬರೀರಿ. 'ಇವರಿಗೆ ಕಣ್ಣು ಕಾಣುವುದಿಲ್ಲ, ಆದ್ದರಿಂದ ಗೊತ್ತಾಗುವುದಿಲ್ಲ.' ಸಹಿ, ತಾರೀಕು. ಕಪಾಟಿನಲ್ಲಿ ಹಾಕ್ತೀನಿ. ಮುಂದೆ ಯಾರಾದ್ರೂ ದೊಡ್ಡವರು ಬಂದಾಗ ಇದನ್ನೂ ತೋರಿಸಬಹುದು."

"ನಾಲಿಗೆ ಬಿಗಿ ಹಿಡಿದು ಮಾತಾಡು."

"ಮಾತು ನಿಮ್ಮದು ಸರ್. ನನ್ನದಲ್ಲ."

ಅವರು ಪೆನ್ನು ತೆಗೆದುಕೊಂಡರು. ಬಹುಶಃ 'ಪುಟ ಉಳಿತಾಯ' ಎಂದು ಬರೆಯುವವರಿದ್ದರು. ನಿಬ್ಬು ಕಾಗದ ಮುಟ್ಟಿತು, ಒಂದು ನೀಲಿ ಬೊಟ್ಟು ಬಿತ್ತು, ಅಲ್ಲೇ ನಿಂತಿತು. ಬೊಟ್ಟು ಹರಡುತ್ತಾ ಹೋಯಿತು. ಆ ಕಪಾಟುಗಳಲ್ಲಿರುವ ಸಾವಿರಾರು ಚೀಟಿಗಳಲ್ಲಿ ಒಂದರ ಹಿಂದೆಯೂ ಅವರು ಸುಳ್ಳು ಕಾರಣ ಬರೆದಿಲ್ಲ. ಅಷ್ಟು ಮಟ್ಟಿಗೆ ನಾನು ಅವರನ್ನು ನಂಬುತ್ತೇನೆ. ಸುಳ್ಳನ್ನು ಬಾಯಲ್ಲಿ ಹೇಳಬಲ್ಲರು. ಆ ಜಾಗದಲ್ಲಿ ಬರೆಯಲು ಆ ಕೈಗೆ ಬರುತ್ತಿರಲಿಲ್ಲ. ನಿಜ ಬರೆಯಲು ಮುಖವಿರಲಿಲ್ಲ.

ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು.

ನಾನು ಅಲ್ಲೇ, ಅವರ ಮೇಜಿನ ಮೇಲೆಯೇ, ದೊಡ್ಡಮ್ಮನ ಹೆಸರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಚುಕ್ಕಿ ಇಟ್ಟೆ. ಸಹಿ ಹಾಕಿದೆ. ತಾರೀಕು ಹಾಕಿದೆ. ತಿರುಗಿಸಿ, ಅವರ ನೀಲಿ ಬೊಟ್ಟಿನ ಪಕ್ಕದಲ್ಲಿ ಬರೆದೆ: 'ಸಿ, ಡಿ, ಇ, ಎಫ್ ಇವರೇ ಬರೆದದ್ದು. ಚೀಟಿಗಳು ಕಪಾಟಿನಲ್ಲಿವೆ.'

"ಪ್ರೆಸ್ಸಿಗೆ ಕೊಟ್ಟು ಬರ್ತೀನಿ. ಬೇಡ ಅನ್ನೋದಾದ್ರೆ ಮತ್ತೆ ಗೆರೆ ಎಳೀರಿ. ಈ ಸಲ ಹಿಂದೆ ಬರೀಬೇಕು."

ಅವರು ಎಳೆಯಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಮುಂದಿನ ತಿಂಗಳಿಂದ ನಿನಗೆ ಇಲ್ಲಿ ಕೆಲಸ ಇರಲ್ಲ ಅನ್ಸುತ್ತೆ."

"ಅನ್ಸುತ್ತಾ, ಇರಲ್ವಾ?"

"ಇರಲ್ಲ."

"ಹಾಗೆ ಸರಿಯಾಗಿ ಹೇಳಿ."

ಹೊರಗೆ ಟೈಪಿಸ್ಟ್ ಅಕ್ಕ ನನ್ನ ಮುಖ ನೋಡದೆ, ತನ್ನ ಡಬ್ಬಿಯಲ್ಲಿದ್ದ ಕಿತ್ತಳೆಹಣ್ಣೊಂದನ್ನು ನನ್ನ ಚೀಲದೊಳಗೆ ಹಾಕಿದಳು. ಅಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ಆಕೆ ಕೊಟ್ಟದ್ದು ಅದು. ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ ಎಂದು ಆಕೆಯೇ ಆಮೇಲೆ ಫೋನು ಮಾಡಿ ಹೇಳಿದಳು. ಗೆರೆ ಎಳೆದಿರಲಿಲ್ಲವಂತೆ. ಹೊಸ ಹಾಳೆ ಹಾಕಿ, ಉಳಿದವರ ಹೆಸರುಗಳನ್ನು ಮೊದಲಿನಿಂದ ಬರೆಸಿದ್ದರಂತೆ. ಸಹಿಯಿಲ್ಲ, ತಾರೀಕಿಲ್ಲ. ಆ ಕಚೇರಿಯಲ್ಲಿ ಹೊಸ ಹಾಳೆ ಹಾಕಿದ್ದು ಅದೇ ಮೊದಲು. ಒಂದೇ ಗೆರೆ ಸಾಹೇಬರು ಕೊನೆಗೂ ಕಲಿತುಕೊಂಡರು.

ಪುಸ್ತಕ ಬಂದದ್ದು ಎರಡು ತಿಂಗಳ ಮೇಲೆ. ಕಚೇರಿಯಿಂದ ಯಾರೂ ಕಳಿಸಲಿಲ್ಲ. ಫೋರ್‌ಮನ್ ಅಣ್ಣ ಒಂದು ಪ್ರತಿಯನ್ನು ಹಳೆಯ ಕಾಗದದಲ್ಲಿ ಸುತ್ತಿ ತಾನೇ ತಂದ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸಿಲಲ್ಲೇ ನಿಂತು, "ಅಮ್ಮಾ, ಏಳು ಸಾಲು ಕೂರಿಸಿದ್ದೀನಿ. ನೋಡ್ಕೊಳ್ಳಿ" ಎಂದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

"ನೋಡ್ಕೋತೀನಪ್ಪ" ಎಂದಳು ದೊಡ್ಡಮ್ಮ. "ಅಂಚಿಂದ ನೋಡ್ತೀನಿ."

ಅವನು ಹೋದ ಮೇಲೆ ಪುಟ ತೆರೆದು ಆಕೆಯ ಬೆರಳನ್ನು ಮೂರನೆಯ ಸಾಲಿನ ಮೇಲಿಟ್ಟೆ. ಆಕೆ ಹೆಬ್ಬೆರಳಿನಿಂದ ಸವರಿದಳು.

"ಏನೂ ತಾಗಲ್ಲ."

"ಈಗಿನ ಅಚ್ಚು ಹಾಗೇ ದೊಡ್ಡಮ್ಮ. ಆದ್ರೆ ಇದೆ. ಓದ್ತೀನಿ ಕೇಳು." ಏಳು ಹೆಸರನ್ನೂ ಓದಿದೆ.

"ಆ ಅಳಿಯನೂ ಇದ್ದಾನಾ?"

"ಇದ್ದಾನೆ. ಕೊನೇಲಿ."

"ಥೂ." ಸ್ವಲ್ಪ ಹೊತ್ತು ಬೆರಳು ಅಲ್ಲೇ ಇತ್ತು. ತನ್ನ ಹೆಸರನ್ನು ಇನ್ನೊಂದು ಸಲ ಓದಿಸಿದಳು. ಇನಿಷಿಯಲ್ ಸರಿಯಿದೆಯೇ ಎಂದು ಕೇಳಿದಳು. ಸರಿಯಿತ್ತು. 

"ಇರೇಸ್ ತೆಗಿ" ಎಂದಳು.

ತೆಗೆದೆ.

"ಏನಿದೆ?"

"ಅಳಿಸು."

"ಅಷ್ಟೇನಾ?"

"ಅಷ್ಟೇ."

"ಪೆನ್ನು ತಗೋ."

"ಅಚ್ಚಾದ ಪುಸ್ತಕ ದೊಡ್ಡಮ್ಮ."

"ಅಚ್ಚಾದ್ರೆ? ತಪ್ಪು ತಪ್ಪೇ. ಒಂದೇ ಗೆರೆ ಎಳಿ. ಕೆಳಗಿಂದು ಓದೋಕೆ ಬರಬೇಕು, ನಾಳೆ ಯಾರಾದ್ರೂ ನೋಡಲಿ ಆ ಮನುಷ್ಯ ಏನು ಬರೆಸಿದ್ದ ಅಂತ. ಪಕ್ಕದಲ್ಲಿ ನಿನ್ನ ಸಹಿ."

ಎಳೆದೆ. ಸಹಿ ಹಾಕಿದೆ.

"ಹಿಂಬದಿಯಲ್ಲಿ ಬೇರೆ ಪದಗಳಿವೆ. ಕಾರಣ ಎಲ್ಲಿ ಬರೀಲಿ?"

"ಅಂಚಲ್ಲಿ ಜಾಗ ಇದೆಯಲ್ಲ, ಎರಡು ಬೆರಳು. ಅಲ್ಲಿ ಬರಿ. ನಾನು ಹೇಳ್ತೀನಿ, ನೀನು ಬರಿ." ಆಕೆ ಗಂಟಲು ಸರಿಮಾಡಿಕೊಂಡಳು. ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. "ಕೆರೆದು ತೆಗೆ. ಲ್ಯಾಟಿನ್ನಿನಲ್ಲಿ ರಾದೆರೆ ಎಂದರೆ ಕೆರೆಯುವುದು. ಬರೆದ್ಯಾ? ಇದಾದ ಮೇಲೆ ಇನ್ನೂ ನಾಲ್ಕಿದೆ."